ಪಿಂಕ್ ಫ್ಲಾಯ್ಡ್: ಮೊದಲ ಆಲ್ಬಮ್ಮನ್ನು ಮೊದಲೇ ಕೇಳಬಹುದೇ?



ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಒಂದು ಹಾಡನ್ನೂ ಕೇಳದವರು ಕೂಡ ಅದರ ಒಂದು ಚಿತ್ರವನ್ನು ಕಂಡಿರುತ್ತಾರೆ. ಕಪ್ಪು ಹಿನ್ನೆಲೆ, ನಡುವೆ ಗಾಜಿನ ಪಟ್ಟಕ. ಬಿಳಿಯ ಕಿರಣವೊಂದು ಅದರೊಳಗೆ ಹೊಕ್ಕು ಆ ಕಡೆ ಬಣ್ಣಬಣ್ಣವಾಗಿ ಹೊರಬರುತ್ತದೆ. 1973ರ ಮಾರ್ಚ್‌ನಲ್ಲಿ ಬಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನ ಮುಖಚಿತ್ರ ಅದು. ಬೆಂಗಳೂರಿನ ಕಾಲೇಜು ಹುಡುಗರ ಟೀ ಶರ್ಟುಗಳ ಮೇಲೆ ಇವತ್ತಿಗೂ ಅದು ಓಡಾಡುತ್ತಿದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ ಆ ಆಲ್ಬಮ್ 741 ವಾರ ಇತ್ತು. ಆ ತಂಡದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿ ಹೋದರು.

ರಾಕ್ ಸಂಗೀತದ ಕಡೆ ಆಗಷ್ಟೇ ಮನಸ್ಸು ತಿರುಗಿದ ಮಕ್ಕಳು ನನ್ನನ್ನು ಕೇಳುವುದುಂಟು: “ಸರ್, ಪಿಂಕ್ ಫ್ಲಾಯ್ಡ್ ಎಲ್ಲಿಂದ ಶುರು ಮಾಡಲಿ?” ಬಲ್ಲವರೆಲ್ಲ ಇದಕ್ಕೆ ಕೊಡುವ ಉತ್ತರ ಒಂದೇ. ಡಾರ್ಕ್ ಸೈಡ್‌ನಿಂದ ಶುರು ಮಾಡು, ಆಮೇಲೆ 1975ರ ‘ವಿಶ್ ಯು ವರ್ ಹಿಯರ್’ ಕೇಳು, ಆಮೇಲೆ 1979ರ ‘ದಿ ವಾಲ್’. 1967ರಲ್ಲಿ ಬಂದ ಮೊದಲ ಆಲ್ಬಮ್? ಅದು ಕೊನೆಗಿರಲಿ, ಅದು ವಿಚಿತ್ರವಾಗಿದೆ, ಹೊಸಬರಿಗೆ ಹಿಡಿಸುವುದಿಲ್ಲ ಎನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಆ ಮೊದಲ ಆಲ್ಬಮ್ ಹಿಡಿಸದೆ ಹೋಗುವುದು ಹೊಸಬರಿಗಲ್ಲ, ಡಾರ್ಕ್ ಸೈಡ್ ಕೇಳಿ ಮುಗಿಸಿದವರಿಗೆ. ಆ ತಂಡದ ಏನನ್ನೂ ಕೇಳದ ಕಿವಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಏಕೆ ಎಂಬುದನ್ನು ಈ ಹೊತ್ತು ಹೇಳುತ್ತೇನೆ.

ಸಾಮಾನ್ಯವಾಗಿ ನೋಡಿದರೆ ಬಲ್ಲವರ ಎಚ್ಚರಿಕೆ ತಪ್ಪೇನಲ್ಲ. ತಂಡಗಳು ಮೊದಲ ಆಲ್ಬಮ್ ಮಾಡುವಾಗ ಇನ್ನೂ ಕಲಿಯುತ್ತಿರುತ್ತವೆ. ಜೆನೆಸಿಸ್ ತಂಡ 1969ರಲ್ಲಿ ತನ್ನ ಮೊದಲ ಆಲ್ಬಮ್ ತಂದಾಗ ಅದರ ಹುಡುಗರು ಶಾಲೆಯಿಂದ ಆಗತಾನೆ ಹೊರಬಿದ್ದವರು. ಮುಂದಿನ ಜೆನೆಸಿಸ್‌ನ ಗುರುತು ಅದರಲ್ಲಿ ಅಷ್ಟಾಗಿ ಸಿಗುವುದಿಲ್ಲ. ರೇಡಿಯೊಹೆಡ್ ತಂಡದ 1993ರ ‘ಪ್ಯಾಬ್ಲೊ ಹನಿ’ಯಲ್ಲಿ ‘ಕ್ರೀಪ್’ ಎಂಬ ಹೆಸರಾಂತ ಹಾಡಿದೆ, ನಿಜ. ಆದರೆ ನಾಲ್ಕೇ ವರ್ಷದ ನಂತರ ‘ಓಕೆ ಕಂಪ್ಯೂಟರ್’ ಮಾಡಿದವರು ಇವರೇ ಎಂದು ಅದನ್ನು ಕೇಳಿ ಊಹಿಸುವುದು ಕಷ್ಟ. ಇಂಥ ಕಡೆ ಹೊಸಬರಿಗೆ “ಮೊದಲನೆಯದು ಆಮೇಲೆ ಸಾಕು” ಎನ್ನುವುದು ಸರಿಯಾದ ಸಲಹೆಯೇ.

ಪಿಂಕ್ ಫ್ಲಾಯ್ಡ್ ವಿಚಾರದಲ್ಲಿ ಈ ನಿಯಮ ನಿಲ್ಲುವುದಿಲ್ಲ. ಅವರ ಮೊದಲ ಆಲ್ಬಮ್ ಕಲಿಯುವವರ ಕೆಲಸವಲ್ಲ. ಅದರ ಬಹುಪಾಲನ್ನು ಬರೆದು, ಹಾಡಿ, ಗಿಟಾರ್ ನುಡಿಸಿದ ಮನುಷ್ಯ ಆಲ್ಬಮ್ ಹೊರಬಂದ ವರ್ಷದೊಳಗೆ ತಂಡದಿಂದ ಹೊರಗಾದ. ಉಳಿದವರು ಅದೇ ಹೆಸರಿನಲ್ಲಿ ಬೇರೆಯೇ ಸಂಗೀತ ಕಟ್ಟಿದರು. ಒಂದೇ ಹೆಸರಿನ ಎರಡು ತಂಡಗಳು ಇವು ಎಂದುಕೊಂಡರೆ ಎಷ್ಟೋ ಗೊಂದಲ ತಾನಾಗಿ ಬಿಡುತ್ತದೆ.

ಆ ಮನುಷ್ಯನ ಹೆಸರು ಸಿಡ್ ಬ್ಯಾರೆಟ್. ಹುಟ್ಟಿದ್ದು ಕೇಂಬ್ರಿಡ್ಜ್‌ನಲ್ಲಿ, 1946ರ ಜನವರಿಯಲ್ಲಿ. ಲಂಡನ್ನಿಗೆ ಬಂದದ್ದು ಚಿತ್ರಕಲೆ ಕಲಿಯಲು. ತಂಡದ ಉಳಿದ ಮೂವರು, ಅಂದರೆ ಬೇಸ್ ಗಿಟಾರಿನ ರೋಜರ್ ವಾಟರ್ಸ್, ಆರ್ಗನ್ನಿನ ರಿಚರ್ಡ್ ರೈಟ್, ಡ್ರಮ್ಸ್‌ನ ನಿಕ್ ಮೇಸನ್, ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದುವಾಗ ಜೊತೆಯಾದವರು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ ತಂಡಕ್ಕೆ ಹೆಸರಿಟ್ಟವನೂ ಬ್ಯಾರೆಟ್‌ನೇ.

1966ರ ಡಿಸೆಂಬರ್‌ನಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿ ಯುಎಫ್ಒ ಎಂಬ ಕ್ಲಬ್ ಶುರುವಾಯಿತು. ಅಲ್ಲಿ ಬಣ್ಣದ ದ್ರವಗಳನ್ನು ಬೆಳಕಿನ ಮುಂದೆ ಹಿಡಿದು ಗೋಡೆಯ ಮೇಲೆ, ವಾದ್ಯಗಾರರ ಮೈಮೇಲೆ ಹರಿಬಿಡುತ್ತಿದ್ದರು. ಆ ಬಣ್ಣದ ನಡುವೆ ನಿಂತು ಈ ನಾಲ್ವರು ಒಂದೊಂದು ತುಣುಕನ್ನು ಎಳೆದೆಳೆದು ನುಡಿಸುತ್ತಿದ್ದರು. ಬ್ಯಾರೆಟ್ ತನ್ನ ಗಿಟಾರಿಗೆ ದುಂಡನೆಯ ಕನ್ನಡಿಗಳನ್ನು ಅಂಟಿಸಿಕೊಂಡಿದ್ದ. ತಂತಿಯ ಮೇಲೆ ಸಿಗರೇಟ್ ಲೈಟರನ್ನು ಜಾರಿಸಿ ನುಡಿಸುತ್ತಿದ್ದ. ಆ ಧ್ವನಿ ಬಿನ್ಸನ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರದ ಮೂಲಕ ಹಾದು ಬರುತ್ತಿತ್ತು. ಅದರಲ್ಲಿ ಟೇಪು ಇರಲಿಲ್ಲ. ತಿರುಗುವ ಕಾಂತೀಯ ಚಕ್ರದ ಮೇಲೆ ಧ್ವನಿ ದಾಖಲಾಗಿ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಮೊದಲ ಆಲ್ಬಮ್ಮಿನ ಗಿಟಾರ್ ಯಾವುದೋ ದೊಡ್ಡ ಬಾವಿಯೊಳಗಿಂದ ಬಂದಂತೆ ಕೇಳಿಸುವುದಕ್ಕೆ ಆ ಯಂತ್ರ ಒಂದು ಕಾರಣ.

ಇಎಂಐ ಕಂಪನಿ ತಂಡವನ್ನು ಕರೆದು ಅಬೆ ರೋಡ್ ಸ್ಟುಡಿಯೊದಲ್ಲಿ ಕೂರಿಸಿತು. 1967ರ ವಸಂತದಲ್ಲಿ ಅದೇ ಕಟ್ಟಡದಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಮ್ಮಿನ ಧ್ವನಿಮುದ್ರಣದಲ್ಲಿ ಮುಳುಗಿತ್ತು. ಫ್ಲಾಯ್ಡ್ ಆಲ್ಬಮ್ಮಿನ ನಿರ್ಮಾಪಕ ನಾರ್ಮನ್ ಸ್ಮಿತ್, 1965ರವರೆಗೆ ಬೀಟಲ್ಸ್ ಧ್ವನಿಮುದ್ರಣಗಳಿಗೆ ಎಂಜಿನಿಯರ್ ಆಗಿದ್ದವರು. ಬೀಟಲ್ಸ್‌ನ ಮೊದಲ ಆಲ್ಬಮ್ಮಿನ ಬಹುಪಾಲು 1963ರ ಫೆಬ್ರವರಿಯ ಒಂದೇ ದಿನದಲ್ಲಿ ಮುಗಿದಾಗಲೂ ಯಂತ್ರದ ಮುಂದೆ ಕುಳಿತಿದ್ದವರು ಇವರೇ. ಚಿಕ್ಕದಾದ, ತುದಿಮೊದಲುಳ್ಳ ಹಾಡು ಎಂದರೆ ಅವರಿಗೆ ಪ್ರೀತಿ. ಎಳೆದೆಳೆದು ನುಡಿಸುವ ಹುಡುಗರನ್ನು ಅವರು ಮೂರು ನಿಮಿಷದ ಅಳತೆಯತ್ತ ಎಳೆದರು. ಯುಎಫ್ಒ ಕ್ಲಬ್ಬಿನ ರಾತ್ರಿಗಳನ್ನು ಕಂಡವರಲ್ಲಿ ಕೆಲವರಿಗೆ ಇದು ಬೇಸರ ತಂದಿತು. ಹೊಸ ಕೇಳುಗನ ಪಾಲಿಗೆ ಮಾತ್ರ ಸ್ಮಿತ್ ಉಪಕಾರವನ್ನೇ ಮಾಡಿದರು. ಹನ್ನೊಂದು ತುಣುಕುಗಳ, ಸುಮಾರು 42 ನಿಮಿಷದ ಈ ಆಲ್ಬಮ್ಮಿನಲ್ಲಿ ಹೆಚ್ಚಿನವು ಚಿಕ್ಕವು. ಬೇಸರ ಹುಟ್ಟುವ ಮೊದಲೇ ಮುಗಿದು ಮುಂದಿನದಕ್ಕೆ ದಾರಿ ಬಿಡುತ್ತವೆ.

ಆಲ್ಬಮ್ಮಿನ ಹೆಸರು ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’. ಕೆನೆತ್ ಗ್ರಹಾಂ 1908ರಲ್ಲಿ ಬರೆದ ‘ದಿ ವಿಂಡ್ ಇನ್ ದಿ ವಿಲೋಸ್’ ಎಂಬ ಮಕ್ಕಳ ಕಾದಂಬರಿಯ ಏಳನೆಯ ಅಧ್ಯಾಯದ ಹೆಸರು ಅದು. ಕಳೆದುಹೋದ ನೀರುನಾಯಿ ಮರಿಯೊಂದನ್ನು ಹುಡುಕುತ್ತ ನೀರಿಲಿ ಮತ್ತು ಮೋಲ್ ಎಂಬ ಪ್ರಾಣಿಗಳು ರಾತ್ರಿಯೆಲ್ಲ ಹೊಳೆಯಲ್ಲಿ ದೋಣಿ ನಡೆಸುತ್ತವೆ. ಬೆಳಗಿನ ಜಾವ ಕೊಳಲಿನ ದನಿ ಕೇಳುತ್ತದೆ. ದನಿಯ ಜಾಡು ಹಿಡಿದು ಹೋದರೆ, ಕೊಳಲು ಹಿಡಿದ ಕಾಡಿನ ದೇವರ ಕಾಲ ಬಳಿ ಮರಿ ನೆಮ್ಮದಿಯಾಗಿ ಮಲಗಿದೆ. ಆಮೇಲೆ ದೇವರು ಅವಕ್ಕೆಲ್ಲ ಮರೆವನ್ನು ಕೊಟ್ಟು ಮರೆಯಾಗುತ್ತಾನೆ. ಬ್ಯಾರೆಟ್‌ಗೆ ತುಂಬ ಪ್ರಿಯವಾದ ಪುಸ್ತಕ ಅದು. ಈ ಆಲ್ಬಮ್ಮಿನ ಬೇರು ಎಲ್ಲಿದೆ ಎಂಬುದು ಈ ಹೆಸರಿನಿಂದಲೇ ತಿಳಿಯುತ್ತದೆ. ಇದನ್ನು ಮಾದಕದ್ರವ್ಯದ ಕಾಲದ ದಾಖಲೆ ಎಂದು ಮಾತ್ರ ಬರೆಯುವವರಿದ್ದಾರೆ. ನಾನು ಕೇಳಿದಾಗಲೆಲ್ಲ ನನಗೆ ಕಾಣುವುದು ಮಲಗುವ ಹೊತ್ತಿನಲ್ಲಿ ಕಥೆ ಕೇಳಿ ಬೆಳೆದ ಒಬ್ಬ ಇಂಗ್ಲಿಷ್ ಹುಡುಗ.

ಹಾಡುಗಳನ್ನೇ ನೋಡಿ. ‘ಮಟಿಲ್ಡಾ ಮದರ್’ ತಾಯಿಯ ಬಾಯಿಂದ ಕಥೆ ಕೇಳುವ ಮಗುವಿನ ಹಾಡು. ಮೊದಲಿಗೆ ಬ್ಯಾರೆಟ್ ಇದಕ್ಕೆ ಹಿಲೇರ್ ಬೆಲಾಕ್ ಎಂಬ ಕವಿಯ ಮಕ್ಕಳ ಪದ್ಯಗಳನ್ನು ಬಳಸಿಕೊಂಡಿದ್ದ. ಕವಿಯ ಹಕ್ಕುದಾರರು ಒಪ್ಪಲಿಲ್ಲವಾಗಿ ತಾನೇ ಹೊಸ ಸಾಲುಗಳನ್ನು ಬರೆದ. ಹಾಗೆ ಬರೆದದ್ದರಿಂದಲೇ ಹಾಡು ಮೇಲೇರಿತು ಎಂಬುದು ನನ್ನ ಅನಿಸಿಕೆ. ಕಥೆಗಿಂತ ಕಥೆ ನಿಂತುಹೋಗಬಾರದೆಂಬ ಮಗುವಿನ ಹಂಬಲವೇ ಅಲ್ಲಿ ಮುಖ್ಯವಾಯಿತು. ‘ದಿ ನೋಮ್’ ಒಬ್ಬ ಕುಳ್ಳ ಮಾಯಾಜೀವಿಯ ಕಥೆ, ‘ದಿ ಸ್ಕೇರ್‌ಕ್ರೋ’ ಗದ್ದೆಯ ಬೆದರುಬೊಂಬೆಯ ಕಥೆ, ‘ಲೂಸಿಫರ್ ಸ್ಯಾಮ್’ ಒಂದು ಸಯಾಮಿ ಬೆಕ್ಕಿನ ಹಾಡು. ಕೊನೆಯ ‘ಬೈಕ್’ನಲ್ಲಿ ಹುಡುಗನೊಬ್ಬ ತನ್ನಲ್ಲಿರುವ ಒಂದೊಂದೇ ವಸ್ತುವನ್ನು ತಾನು ಮೆಚ್ಚಿದ ಹುಡುಗಿಗೆ ತೋರಿಸುತ್ತ ಹೋಗುತ್ತಾನೆ. ಹತ್ತು ವರ್ಷದ ಮಗುವಿಗೂ ಹಿಡಿಸುವ ಹಾಡುಗಳಿವು. ಹಣ, ಕಾಲ, ಸಾವು, ಹುಚ್ಚು ಇವೆಲ್ಲದರ ಭಾರ ಹೊತ್ತ ಡಾರ್ಕ್ ಸೈಡ್ ಬಗ್ಗೆ ಹೀಗೆ ಹೇಳಲಾಗದು.

ಬ್ಯಾರೆಟ್ ಹಾಡು ಕಟ್ಟುವ ಬಗೆಯನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಸಾಮಾನ್ಯ ರಾಕ್ ಹಾಡಿನಲ್ಲಿ ತಾಳದ ಚೌಕಟ್ಟು ಮೊದಲು, ಮಾತನ್ನು ಅದರೊಳಗೆ ಕೂರಿಸುವುದು ಆಮೇಲೆ. ಇವನಲ್ಲಿ ಮಾತು ಎಷ್ಟು ಉದ್ದವೋ ರಾಗದ ಸಾಲು ಅಷ್ಟು ಉದ್ದ. ಹೇಳುವುದು ಉಳಿದಿದ್ದರೆ ಸಾಲು ಎರಡು ಮಾತ್ರೆ ಹೆಚ್ಚಾಗುತ್ತದೆ. ಮುಗಿದಿದ್ದರೆ ಅಲ್ಲೇ ಕಡಿದು ಮುಂದಕ್ಕೆ ಹೋಗುತ್ತದೆ. ‘ಬೈಕ್’ ಕೇಳುತ್ತ ಕಾಲಿನಿಂದ ತಾಳ ಹಾಕಲು ಹೋದವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಹಾಗೆಂದು ಎಲ್ಲಿಯೂ ಎಡವಿದಂತೆ ಕೇಳಿಸುವುದಿಲ್ಲ, ಏಕೆಂದರೆ ಮಾತನಾಡುವ ಸಹಜ ಲಯ ಅದರ ಬೆನ್ನಿಗಿದೆ. ತಂಡದ ಮುಂದಿನ ಆಲ್ಬಮ್ಮುಗಳಲ್ಲಿ ಈ ಗುಣ ಮತ್ತೆ ಕಾಣುವುದು ಅಪರೂಪ. ಡಾರ್ಕ್ ಸೈಡ್ ನಿಧಾನವಾಗಿ, ಅಗಲವಾಗಿ, ಒಂದೊಂದು ಸ್ವರವನ್ನೂ ತೂಗಿ ಇಟ್ಟಂತೆ ಸಾಗುತ್ತದೆ. ಆ ನಡಿಗೆಗೆ ಒಗ್ಗಿದವರಿಗೆ ಇಲ್ಲಿಯ ನೆಗೆತ ಕುಪ್ಪಳಿಕೆ ಹುಡುಗಾಟವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರು ಬೇರೆ ಏನನ್ನೋ ಹುಡುಕುತ್ತ ಬಂದವರು. ಏನನ್ನೂ ಹುಡುಕದೆ ಬಂದವನಿಗೆ ಇಲ್ಲಿ ನಿರಾಸೆಯಾಗಲು ಕಾರಣವೇ ಇಲ್ಲ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ಆಲ್ಬಮ್ಮಿನ ಏಳನೆಯ ತುಣುಕು ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’. ಮಾತಿಲ್ಲ, ಒಂಬತ್ತು ನಿಮಿಷ ನಲವತ್ತು ಸೆಕೆಂಡಿನಷ್ಟು ವಾದ್ಯ ಮಾತ್ರ. ಮೊದಲಿಗೆ ಗಿಟಾರ್ ಅರ್ಧರ್ಧ ಸ್ವರ ಇಳಿಯುತ್ತ ಬರುವ ಒಂದು ಪಲುಕನ್ನು ಗಟ್ಟಿಯಾಗಿ ಹೇಳುತ್ತದೆ. ಇದರ ಹುಟ್ಟು ಹೀಗೆ: ತಂಡದ ವ್ಯವಸ್ಥಾಪಕ ಪೀಟರ್ ಜೆನ್ನರ್ ತಾನು ಕೇಳಿದ್ದ ‘ಲವ್’ ಎಂಬ ಅಮೆರಿಕನ್ ತಂಡದ ಹಾಡೊಂದನ್ನು ನೆನಪಿನಿಂದ ಗುನುಗಿದರು, ಬ್ಯಾರೆಟ್ ಅದನ್ನು ಗಿಟಾರಿನಲ್ಲಿ ಹಿಡಿಯಹೋದ, ಬಂದದ್ದು ಬೇರೆಯೇ. ಪಲುಕು ಮುಗಿದ ಮೇಲೆ ನಾಲ್ವರೂ ಅದನ್ನು ಬಿಟ್ಟು ಎತ್ತಲೋ ಹೋಗುತ್ತಾರೆ. ತಾಳ ಸಡಿಲವಾಗುತ್ತದೆ, ಆರ್ಗನ್ ಎಲ್ಲಿಂದಲೋ ಮಿಡಿಯುತ್ತದೆ, ಡ್ರಮ್ಸ್ ನಿಂತು ನಿಂತು ಬರುತ್ತದೆ. ಕೊನೆಯಲ್ಲಿ ಎಲ್ಲರೂ ಮತ್ತೆ ಅದೇ ಪಲುಕಿಗೆ ಬಂದು ಸೇರುತ್ತಾರೆ. ಇಡೀ ತುಣುಕನ್ನು ಎರಡು ಸಲ ನುಡಿಸಿ ಒಂದರ ಮೇಲೊಂದು ಇಟ್ಟಿರುವುದರಿಂದ ಧ್ವನಿ ದಟ್ಟವಾಗಿದೆ.

ಹೊಸಬರು ಓಡಿಹೋಗುವುದು ಇಲ್ಲಿ ಎಂದು ಹೇಳುತ್ತಾರೆ. ಕಚೇರಿ ಕೇಳಿ ಬೆಳೆದ ನಮ್ಮವರು ಇಲ್ಲಿ ಅಷ್ಟು ಸುಲಭವಾಗಿ ಹೆದರಬೇಕಾಗಿಲ್ಲ. ಪಲ್ಲವಿಯನ್ನು ಹಾಡಿ, ಅದನ್ನು ಬಿಟ್ಟು ಸ್ವರದಲ್ಲಿ ಅಲೆದು, ಮತ್ತೆ ಎಡುಪು ಹಿಡಿದು ಪಲ್ಲವಿಗೆ ಬರುವುದು ನಮಗೆ ಹೊಸತಲ್ಲ. ಆ ಮರಳಿ ಬರುವ ಗಳಿಗೆಗಾಗಿ ಕಾದು ಕೂರುವ ಅಭ್ಯಾಸ ನಮ್ಮ ಕಿವಿಗಿದೆ. ವ್ಯತ್ಯಾಸವೂ ದೊಡ್ಡದೇ. ನಮ್ಮಲ್ಲಿ ಎಷ್ಟು ದೂರ ಹೋದರೂ ರಾಗ ಮತ್ತು ತಾಳ ಕೈಬಿಡುವುದಿಲ್ಲ. ಇಲ್ಲಿ ನಡುಭಾಗದಲ್ಲಿ ಎರಡೂ ಇಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದೊಂದೇ ಆಧಾರ. ಆ ಕಾರಣಕ್ಕೆ ನಡುವಿನ ಕೆಲವು ನಿಮಿಷ ಬಡವಾಗಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪಲುಕು ವಾಪಸು ಬರುವಾಗಿನ ಆ ಸುಖಕ್ಕೆ ಕಾಯಬಹುದು.

ಬಡವಾದ ಜಾಗಗಳು ಇನ್ನೂ ಇವೆ. ಹನ್ನೊಂದರಲ್ಲಿ ಎಂಟು ಹಾಡು ಬ್ಯಾರೆಟ್ ಒಬ್ಬನದೇ, ಎರಡು ನಾಲ್ವರೂ ಸೇರಿ ಕಟ್ಟಿದ್ದು, ಒಂದು ಮಾತ್ರ ರೋಜರ್ ವಾಟರ್ಸ್ ಅವರದು. ವೈದ್ಯರನ್ನು ಕುರಿತ ಆ ಒಂದು ಹಾಡು ಆಲ್ಬಮ್ಮಿನಲ್ಲೇ ದುರ್ಬಲ. ಮುಂದೆ ‘ದಿ ವಾಲ್’ ಬರೆದ ಲೇಖನಿ ಆಗಿನ್ನೂ ಅಕ್ಷರ ತಿದ್ದುತ್ತಿತ್ತು. ಅದನ್ನು ದಾಟಿ ಹೋದರೆ ನಷ್ಟವೇನಿಲ್ಲ.

ಮೊದಲ ಹಾಡು ‘ಅಸ್ಟ್ರಾನಮಿ ಡೊಮಿನೆ’ ಬಗ್ಗೆ ಮಾತ್ರ ಎರಡು ಮಾತು ಹೇಳಲೇಬೇಕು. ಮೆಗಾಫೋನಿನಲ್ಲಿ ಗ್ರಹತಾರೆಗಳ ಹೆಸರು ಓದುವ ಧ್ವನಿಯಿಂದ ಅದು ಶುರುವಾಗುತ್ತದೆ. ಆ ಧ್ವನಿಯೂ ಪೀಟರ್ ಜೆನ್ನರ್ ಅವರದೇ. ತಂತಿ ಸಂದೇಶದಂಥ ಮಿಡಿತ, ಮೇಲಿಂದ ಕೆಳಕ್ಕೆ ಜಾರುವ ಗಿಟಾರ್, ಬ್ಯಾರೆಟ್ ಮತ್ತು ರೈಟ್ ಜೊತೆಯಾಗಿ ಹಾಡುವ ಚಪ್ಪಟೆ ಸ್ವರ. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಡದ ವರ್ಷದಲ್ಲಿ ನಾಲ್ವರು ಹುಡುಗರು ಬಾಹ್ಯಾಕಾಶವನ್ನು ಹೀಗೆ ಕೇಳಿಸಿದರು. ತಂಡ ಇದನ್ನು ಮರೆಯಲೂ ಇಲ್ಲ. ಬ್ಯಾರೆಟ್ ಹೊರಹೋಗಿ ಕಾಲು ಶತಮಾನ ಕಳೆದ ಮೇಲೆ, 1994ರ ಪ್ರವಾಸದಲ್ಲಿ, ಅವರು ಇದನ್ನು ಮತ್ತೆ ವೇದಿಕೆಗೆ ತಂದರು.

ಬ್ಯಾರೆಟ್ ವಿಷಯದಲ್ಲಿ ನನಗೊಂದು ಬೇಸರವಿದೆ. 1967ರ ಕೊನೆಯ ಹೊತ್ತಿಗೆ ಅವನ ಮನಸ್ಸಿನ ಆರೋಗ್ಯ ಕುಸಿಯಿತು. ಎಲ್ಎಸ್‌ಡಿ ಎಂಬ ಮಾದಕದ್ರವ್ಯದ ಸೇವನೆಯೂ ಅತಿಯಾಗಿತ್ತು. ವೇದಿಕೆಯ ಮೇಲೆ ನುಡಿಸದೆ ನಿಲ್ಲುತ್ತಿದ್ದ. ಕೇಂಬ್ರಿಡ್ಜ್‌ನ ಗೆಳೆಯ ಡೇವಿಡ್ ಗಿಲ್ಮೋರ್ ತಂಡಕ್ಕೆ ಸೇರಿದ. 1968ರ ಜನವರಿಯಲ್ಲಿ ಒಂದು ದಿನ ಕಾರ್ಯಕ್ರಮಕ್ಕೆ ಹೊರಟವರು ಬ್ಯಾರೆಟ್‌ನನ್ನು ಕರೆದುಕೊಂಡು ಹೋಗಲಿಲ್ಲ. ಏಪ್ರಿಲ್‌ನಲ್ಲಿ ಅವನು ತಂಡ ಬಿಟ್ಟದ್ದು ಪ್ರಕಟವಾಯಿತು. 1970ರಲ್ಲಿ ಎರಡು ಆಲ್ಬಮ್ ಮಾಡಿ, ಆಮೇಲೆ ಕೇಂಬ್ರಿಡ್ಜ್‌ಗೆ ಮರಳಿ ಚಿತ್ರ ಬರೆಯುತ್ತ, ತೋಟ ನೋಡಿಕೊಳ್ಳುತ್ತ ಇದ್ದು 2006ರಲ್ಲಿ ತೀರಿಕೊಂಡ. ಈ ಕಥೆಯನ್ನು ಮೊದಲು ಕೇಳಿದವರು ಆಲ್ಬಮ್ಮಿನ ಪ್ರತಿ ಸಾಲಿನಲ್ಲೂ ಹುಚ್ಚಿನ ಸುಳಿವು ಹುಡುಕಲು ಹೊರಡುತ್ತಾರೆ. ಅದು ಅನ್ಯಾಯ. ಹಾಡುಗಳನ್ನು ಬರೆದಾಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಕೈ ಸ್ಥಿರವಾಗಿತ್ತು, ಮನಸ್ಸು ನಗುತ್ತಿತ್ತು. ಚೀನಾದ ‘ಐ ಚಿಂಗ್’ ಗ್ರಂಥದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಓದಿ ಅದರಿಂದ ಹಾಡು ಕಟ್ಟುವಷ್ಟು ಕುತೂಹಲವಿತ್ತು. ಕಥೆ ಗೊತ್ತಿಲ್ಲದ ಹೊಸ ಕೇಳುಗನಿಗೆ ಇದೆಲ್ಲ ನೇರವಾಗಿ ತಲುಪುತ್ತದೆ. ಅದಕ್ಕೇ ಮಕ್ಕಳಿಗೆ ಇದನ್ನು ಕೇಳಿಸುವ ಹಿರಿಯರು ಆ ಕಥೆಯನ್ನು ಮೊದಲೇ ಹೇಳದಿದ್ದರೆ ಒಳ್ಳೆಯದು.

ಡಾರ್ಕ್ ಸೈಡ್ ಲಕ್ಷಗಟ್ಟಲೆ ಜನರನ್ನು ತಲುಪುತ್ತಿದ್ದಾಗ, 1973ರ ಡಿಸೆಂಬರ್‌ನಲ್ಲಿ, ಕಂಪನಿ ತಂಡದ ಮೊದಲ ಎರಡು ಆಲ್ಬಮ್ಮುಗಳನ್ನು ಒಟ್ಟಿಗೆ ಕಟ್ಟಿ ‘ಎ ನೈಸ್ ಪೇರ್’ ಎಂಬ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಹೊಸ ಅಭಿಮಾನಿಗಳು ಹಳೆಯದನ್ನೂ ಕೊಳ್ಳಲಿ ಎಂಬ ಲೆಕ್ಕ. ಅಮೆರಿಕದಲ್ಲಂತೂ ‘ಅಸ್ಟ್ರಾನಮಿ ಡೊಮಿನೆ’ಯ ಮೂಲ ರೂಪವನ್ನೇ ತೆಗೆದು, ಬ್ಯಾರೆಟ್ ಇಲ್ಲದ ತಂಡ ವೇದಿಕೆಯಲ್ಲಿ ನುಡಿಸಿದ ದೀರ್ಘ ರೂಪವನ್ನು ಅಲ್ಲಿ ಕೂರಿಸಿದರು. ಪೈಪರ್ ಹೊಸಬರಿಗಲ್ಲ ಎಂಬ ಮಾತು ಗಟ್ಟಿಯಾದದ್ದರಲ್ಲಿ ಇಂಥ ಮಾರಾಟಕ್ಕೂ ಪಾಲಿದೆ ಎನ್ನಿಸುತ್ತದೆ. 1973ರ ಕಿವಿಯಿಂದ 1967ನ್ನು ಕೇಳಿ ಎಂದರೆ ಯಾರಿಗೆ ತಾನೇ ಹಿಡಿಸೀತು? ಅದಕ್ಕೆ ಎದುರಾಗಿ ಇನ್ನೊಂದು ಸಂಗತಿ ಇಡುತ್ತೇನೆ. ಡ್ರಮ್ಸ್ ನುಡಿಸಿದ ನಿಕ್ ಮೇಸನ್ 2018ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹೊಸ ತಂಡ ಕಟ್ಟಿದರು. ಡಾರ್ಕ್ ಸೈಡ್‌ಗಿಂತ ಹಿಂದಿನ ಹಾಡುಗಳನ್ನು ನುಡಿಸುವುದೇ ಅದರ ಕೆಲಸ.

ಕೇಳಲು ಹೊರಟವರಿಗೆ ಕೆಲವು ಸೂಚನೆಗಳು. ಅಮೆರಿಕದಲ್ಲಿ ಮೊದಲು ಬಂದ ಆವೃತ್ತಿಯಲ್ಲಿ ‘ಅಸ್ಟ್ರಾನಮಿ ಡೊಮಿನೆ’, ‘ಫ್ಲೇಮಿಂಗ್’, ‘ಬೈಕ್’ ಮೂರನ್ನೂ ಕೈಬಿಟ್ಟಿದ್ದಾರೆ. ಅದನ್ನು ಮುಟ್ಟಬೇಡಿ, ಹನ್ನೊಂದು ತುಣುಕುಗಳ ಬ್ರಿಟಿಷ್ ಆವೃತ್ತಿಯನ್ನೇ ಹುಡುಕಿ. 2007ರಲ್ಲಿ ನಲವತ್ತನೆಯ ವರ್ಷಕ್ಕೆ ತಂದ ಮರುಮುದ್ರಣದಲ್ಲಿ ಮೋನೋ ಮತ್ತು ಸ್ಟೀರಿಯೊ ಎರಡೂ ರೂಪಗಳಿವೆ. ಮೋನೋ ಮೊದಲು ಕೇಳಿ, ಅದರಲ್ಲಿ ತಂಡ ಒಂದಾಗಿ ಎದುರಿಗೆ ಬರುತ್ತದೆ. ಆಲ್ಬಮ್ಮಿಗೂ ಮೊದಲು ‘ಸೀ ಎಮಿಲಿ ಪ್ಲೇ’ ಎಂಬ ಒಂಟಿ ಹಾಡನ್ನು ಕೇಳಿ. 1967ರ ಜೂನ್‌ನಲ್ಲಿ ಬಂದು ಇಂಗ್ಲೆಂಡಿನ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿದ ಈ ಹಾಡಿನಲ್ಲಿ ಬ್ಯಾರೆಟ್‌ನ ಎಲ್ಲ ಗುಣಗಳೂ ಮೂರು ನಿಮಿಷದೊಳಗೆ ಇವೆ. ಅದು ಹಿಡಿಸಿದರೆ ಆಲ್ಬಮ್ ಹಿಡಿಸುತ್ತದೆ. ಅದೂ ಹಿಡಿಸದಿದ್ದರೆ ಮಾತ್ರ ನನ್ನ ಮಾತು ಬಿಟ್ಟು ಡಾರ್ಕ್ ಸೈಡ್ ಕಡೆ ಹೋಗಿ.

ಪೈಪರ್ ಆದ ಮೇಲೆ 1968ರ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡು ‘ಜಗ್‌ಬ್ಯಾಂಡ್ ಬ್ಲೂಸ್’ ಕೇಳಿ. ಅದರಲ್ಲಿ ಬ್ಯಾರೆಟ್ ಬರೆದ ಹಾಡು ಅದೊಂದೇ. ಅಲ್ಲಿಂದ 1971ರ ‘ಮೆಡಲ್’, ಆಮೇಲೆ ಡಾರ್ಕ್ ಸೈಡ್, ಆಮೇಲೆ ‘ವಿಶ್ ಯು ವರ್ ಹಿಯರ್’. ಆ ಕೊನೆಯದರಲ್ಲಿ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎಂಬ ದೀರ್ಘ ಹಾಡಿದೆ. ಹೊರಟುಹೋದ ಬ್ಯಾರೆಟ್‌ನನ್ನು ನೆನೆದು ಉಳಿದವರು ಕಟ್ಟಿದ ಹಾಡು ಅದು. ಬಹಳಷ್ಟು ಜನ ಅದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ಆದರೆ ಅವನ ಒಂದು ಹಾಡನ್ನೂ ಕೇಳಿರುವುದಿಲ್ಲ. ನೀವು ಮೊದಲು ಅವನನ್ನು ಕೇಳಿ, ಆಮೇಲೆ ಆ ಹಾಡಿಗೆ ಬನ್ನಿ.